ಮೊಳಕೆಯ ಗುರಿ ಯಾರದು?

ರಾಗಿಯ ಸಿಪ್ಪೆಯಲ್ಲಿ ಫೆರುಲಿಕ್ ಆಮ್ಲವೆಂಬ ಉತ್ಕರ್ಷಣ ನಿರೋಧಕವಿದೆ. ಅದರ ಹೆಚ್ಚಿನ ಪಾಲು ಜೀವಕೋಶದ ಗೋಡೆಗೆ ಬಿಗಿಯಾಗಿ ಬೆಸೆದುಕೊಂಡಿರುತ್ತದೆ, ಬರೀ ನೀರಿಗೆ ಬಿಡುವುದಿಲ್ಲ. ಪ್ರಯೋಗಾಲಯದಲ್ಲಿ ನಾನು ರಾಗಿ ತೌಡನ್ನು ತುಸು ಹುಳಿಯಾದ ನೀರಿನಲ್ಲಿ ಕದಡಿ, ಶಿಲೀಂಧ್ರದಿಂದ ತೆಗೆದ ಕಿಣ್ವ ಬೆರೆಸಿ, 50 ಡಿಗ್ರಿ ಶಾಖದಲ್ಲಿ ಇಡುತ್ತೇನೆ. ಅದರಲ್ಲಿನ ಝೈಲನೇಸ್ ಎಂಬ ಕಿಣ್ವ ನಾರಿನ ಸರಪಳಿಯನ್ನು ತುಂಡರಿಸುತ್ತದೆ. ಎಸ್ಟರೇಸ್ ಎಂಬ ಇನ್ನೊಂದು ಆಮ್ಲದ ಬೆಸುಗೆಯನ್ನಷ್ಟೇ ಬಿಡಿಸುತ್ತದೆ. ಬಿಡಿಯಾದದ್ದನ್ನು ಅಳೆಯಲು ಸೋಸಿದ ತಿಳಿಗೆ ಫೋಲಿನ್ ದ್ರಾವಣವನ್ನೂ ಸೋಡಾವನ್ನೂ ಹಾಕಿದರೆ ಹಳದಿ ಕರಗಿ ನೀಲಿ ಏರುತ್ತದೆ.

ಕಿಣ್ವವೆಂಬ ಮನಸ್ಸಿಲ್ಲದ ಪ್ರೋಟೀನು ಅಷ್ಟೊಂದು ಬಂಧಗಳ ನಡುವೆ ತನ್ನದನ್ನೇ ಹಿಡಿಯುತ್ತದಲ್ಲ! ಜಡಕ್ಕೆ ಗುರಿ ಇರಬಲ್ಲುದೇ? ಇರಬಲ್ಲುದು ಎನ್ನುತ್ತಾರೆ ಸಾಂಖ್ಯ ದರ್ಶನದವರು: ಕರುವಿಗಾಗಿ ಹಾಲು ತಾನೇ ಒಸರುವಂತೆ ಜಡವಾದ ಪ್ರಕೃತಿ ಚೇತನನಾದ ಪುರುಷನಿಗಾಗಿ ದುಡಿಯುತ್ತದೆ. ಬ್ರಹ್ಮಸೂತ್ರ ಭಾಷ್ಯದಲ್ಲಿ ಶಂಕರರು ಇದನ್ನು ಒಪ್ಪುವುದಿಲ್ಲ. ಹಾಲಿನ ಹಿಂದೆ ಹಸುವಿನ ವಾತ್ಸಲ್ಯವಿದೆ, ಚೇತನದ ಆಸರೆಯಿಲ್ಲದೆ ಜಡ ನಡೆಯದು ಎಂಬುದು ಅವರ ವಾದ.

ನನ್ನ ಬಾಟಲಿಯ ಕಿಣ್ವದ ಮಟ್ಟಿಗೆ ಶಂಕರರೇ ಸರಿ. ಶಾಖ, ಹುಳಿ, ಹೊತ್ತು ಎಲ್ಲವನ್ನೂ ಗೊತ್ತುಮಾಡುವವಳು ನಾನು.

ಮೊಳಕೆಯ ರಾಗಿಯ ಸಂಗತಿ ಬೇರೆ. ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಕಾಳು ತನ್ನ ಕಿಣ್ವಗಳನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 96 ಗಂಟೆ ಮೊಳಕೆ ಬರಿಸಿದ ಇಂಡಾಫ್-15 ತಳಿಯ ರಾಗಿಯಲ್ಲಿ ಬೆಸೆದ ಫೆರುಲಿಕ್ ಆಮ್ಲ ಅರ್ಧದಷ್ಟು ಇಳಿದು, ಬಿಡಿಯಾದದ್ದು ಹೆಚ್ಚಿತ್ತು. ಕಾಳು ಗೋಡೆ ಸಡಿಲಿಸಿದ್ದು ಮೊಳಕೆಗೆ ದಾರಿ ಬಿಡಲು, ನಮ್ಮ ಮಾಲ್ಟಿಗಲ್ಲ. ಆ ಗುರಿ ನನ್ನದಂತೂ ಅಲ್ಲ. ಹಾಗಾದರೆ ಕಾಳಿನೊಳಗೆ ವಾತ್ಸಲ್ಯವಿದೆಯೇ? ಇದೆ ಎಂದೇ ನಾನು ನಂಬುತ್ತೇನೆ. ಅದನ್ನು ಅಳೆಯುವ ದ್ರಾವಣ ನನ್ನ ಬಳಿ ಇಲ್ಲ.