ಎಷ್ಟು ಪಾಯಿಂಟ್?

ಹೋದ ತಿಂಗಳು ಒಂದು ಫೋನ್ ಬಂತು. ಗೊತ್ತಿಲ್ಲದ ನಂಬರು. ಎತ್ತಿದರೆ ಒಬ್ಬ ಹೆಣ್ಣುಮಗಳು.

"ಅಂಕಲ್, ನೀವು ನಮ್ಮಮ್ಮನ ಕಾಲೇಜಲ್ಲೇ ಓದಿದೋರಂತೆ. ಅಮ್ಮ ಹೋಗಿ ಒಂದು ವರ್ಷ ಆಗ್ತಾ ಬಂತು. ವರ್ಷದ ಕಾರ್ಯಕ್ಕೆ ಅವರದೊಂದು ಹಳೇ ಫೋಟೊ ದೊಡ್ಡದು ಮಾಡಿಸ್ತಿದ್ದೀವಿ. ಬಾಸ್ಕೆಟ್‌ಬಾಲ್ ಹಿಡ್ಕೊಂಡು ನಿಂತಿರೋದು. ಕೆಳಗೆ ಒಂದು ಸಾಲು ಹಾಕಿಸೋಣ ಅಂತ. ಯಾವುದೋ ಫೈನಲ್‌ನಲ್ಲಿ ಅಮ್ಮ ಒಬ್ಬರೇ ನಲವತ್ತೆರಡು ಪಾಯಿಂಟ್ ಹೊಡೆದಿದ್ರು ಅಂತ ಎಲ್ಲರೂ ಹೇಳ್ತಾರೆ. ಅವತ್ತು ಸ್ಕೋರ್ ಬರೆದಿದ್ದು ನೀವೇ ಅಂತೆ. ನಿಜವಾಗ್ಲೂ ನಲವತ್ತೆರಡಾ?"

ಹೌದು, ಬರೆದಿದ್ದು ನಾನೇ. ಆ ನಲವತ್ತೆರಡನ್ನು ಊರೆಲ್ಲ ಹಬ್ಬಿಸಿದವನೂ ನಾನೇ. ತೊಂದರೆ ಇರುವುದು ಅಲ್ಲೇ.

"ಎರಡು ದಿನ ಟೈಮ್ ಕೊಡಮ್ಮ, ನೆನಪು ಮಾಡ್ಕೊಂಡು ಹೇಳ್ತೀನಿ" ಅಂತ ಫೋನ್ ಇಟ್ಟೆ. ನೆನಪು ಮಾಡಿಕೊಳ್ಳುವುದು ಏನೂ ಇರಲಿಲ್ಲ. ಧೈರ್ಯ ಮಾಡಿಕೊಳ್ಳಬೇಕಿತ್ತು.

ಅವರ ಹೆಸರು ಇಲ್ಲಿ ಬೇಡ. ಬೆನ್ನ ಮೇಲಿದ್ದ ನಂಬರಿನಿಂದಲೇ ಕರೆಯುತ್ತೇನೆ, ಏಳನೇ ನಂಬರ್. 1983ರ ಮಾತು. ಕಡೂರು ಸೀಮೆಯ ಕಾಲೇಜು. ಕುವೆಂಪು ವಿಶ್ವವಿದ್ಯಾನಿಲಯ ಹುಟ್ಟಿದ್ದು 1987ರಲ್ಲಿ, ಅಲ್ಲಿಯವರೆಗೆ ನಾವೆಲ್ಲ ಮೈಸೂರು ವಿಶ್ವವಿದ್ಯಾನಿಲಯದ ಮಕ್ಕಳು. ನಮ್ಮಲ್ಲಿ ಕಡೂರಿನವರು, ಬೀರೂರಿನವರು, ತರೀಕೆರೆಯಿಂದ ಬರುವವರು ಎಲ್ಲ ಇದ್ದರು. ಏಳನೇ ನಂಬರ್ ಅಜ್ಜಂಪುರದ ಕಡೆಯ ಹಳ್ಳಿಯವರು, ನನಗಿಂತ ಒಂದು ವರ್ಷ ಸೀನಿಯರ್. ಬೆಳಿಗ್ಗೆ ರೈಲಿಗೆ ಬಂದು ಸಂಜೆ ರೈಲಿಗೆ ಹೋಗುತ್ತಿದ್ದರು. ಆಗಿನ್ನೂ ಮೀಟರ್ ಗೇಜು. ರೈಲು ಲೇಟು ಅಂತ ಸುದ್ದಿ ಬಂದ ದಿನ ಉಳಿದವರೆಲ್ಲ ಗೊಣಗುತ್ತಿದ್ದರೆ ಇವರಿಗೆ ಖುಷಿ. ಇನ್ನೊಂದರ್ಧ ಗಂಟೆ ಆಡಬಹುದಲ್ಲ!

ನಮ್ಮ ಕೋರ್ಟು ನೋಡಿದರೆ ಅಡಿಕೆ ಒಣಗಿಸುವ ಕಣದ ಹಾಗಿತ್ತು. ಅಲ್ಲಲ್ಲಿ ಸಿಮೆಂಟು ಬಿರುಕು, ಮರದ ಹಲಗೆ, ಬಲೆಯಿಲ್ಲದ ರಿಂಗು. ಬಲೆ ಇಲ್ಲದಿದ್ದರೆ ಒಂದು ತಾಪತ್ರಯ ಇದೆ. ಚೆಂಡು ರಿಂಗಿನ ಒಳಗಿಂದ ಬಿತ್ತೋ, ಪಕ್ಕದಿಂದ ಜಾರಿತೋ ಅಂತ ದಿನಾ ಜಗಳ. ಏಳನೇ ನಂಬರ್ ಹೊಡೆದಾಗ ಮಾತ್ರ ಜಗಳ ಇರುತ್ತಿರಲಿಲ್ಲ. ಎತ್ತರ ಏನಿರಲಿಲ್ಲ ಅವರು. ಪೂರ್ತಿ ವೇಗದಲ್ಲಿ ಓಡಿಬಂದು ಗಕ್ಕನೆ ನಿಲ್ಲುತ್ತಿದ್ದರು. ತಡೆಯಲು ಬಂದವಳು ಎರಡು ಹೆಜ್ಜೆ ಮುಂದೆ ಹೋಗಿಬಿಡುತ್ತಿದ್ದಳು, ಅಷ್ಟರಲ್ಲಿ ಚೆಂಡು ಕೈಬಿಟ್ಟಿರುತ್ತಿತ್ತು. ಬಲಗೈ, ಎಡಗೈ ಅಂತ ಭೇದವಿಲ್ಲ. ಕೊನೇ ನಿಮಿಷದಲ್ಲೂ ಉಸಿರು ಕಟ್ಟುತ್ತಿರಲಿಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರ ಇದೆಯಲ್ಲ, ಅದಕ್ಕೇ ನಾವು ಹುಡುಗರು ಬೆನ್ನ ಹಿಂದೆ ಅವರಿಗೆ 'ಅಮೃತಮಹಲ್' ಅಂತಲೇ ಹೆಸರಿಟ್ಟಿದ್ದೆವು. ಎದುರಿಗೆ ಹೇಳುವ ಗುಂಡಿಗೆ ಯಾರಿಗೂ ಇರಲಿಲ್ಲ ಬಿಡಿ.

ಶಿವಮೊಗ್ಗದಲ್ಲಿ ನಡೆದ ಅಂತರ ಕಾಲೇಜು ಪಂದ್ಯಾವಳಿಯ ಫೈನಲ್. ನಾವು ಗೆದ್ದೆವು. ಅಷ್ಟು ಖಚಿತ. ಸ್ಕೋರ್ ಹಾಳೆಯ ಒಂದು ಪ್ರತಿ ನಮ್ಮ ಪಿ.ಡಿ. ಮೇಷ್ಟ್ರ ಬೀರುವಿನಲ್ಲಿ ಬಹಳ ವರ್ಷ ಇತ್ತು, ಆಮೇಲೆ ಗೆದ್ದಲಿಗೆ ಹೋಯಿತು. ಹಾಳೆ ಹೋದ ಮೇಲೆ ನನ್ನ ಬಾಯೇ ಹಾಳೆ. ಮೊದಮೊದಲು "ಇಪ್ಪತ್ತರ ಮೇಲೆ ಹೊಡೆದರು" ಅನ್ನುತ್ತಿದ್ದೆ. ಯಾರದೋ ಮದುವೆ ಮನೆಯಲ್ಲಿ ಮೂವತ್ನಾಲ್ಕಾಯಿತು. ಹಳೇ ವಿದ್ಯಾರ್ಥಿಗಳೆಲ್ಲ ಸೇರಿದ ದಿನ ನಲವತ್ತೆರಡಕ್ಕೆ ಬಂದು ನಿಂತಿತು. ಆಗ ಮೂರು ಪಾಯಿಂಟಿನ ಗೆರೆಯೇ ಇರಲಿಲ್ಲ. ಎಲ್ಲಿಂದ ಹೊಡೆದರೂ ಎರಡೇ. ಅವತ್ತು ನಮ್ಮ ಇಡೀ ಟೀಮು ಸೇರಿ ನಲವತ್ತೆರಡು ಹೊಡೆದಿತ್ತೋ ಇಲ್ಲವೋ!

ಆದರೂ ಯಾಕೆ ಏರಿಸಿದೆ? ನಾನು ಸುಳ್ಳುಗಾರ ಅಂತ ಅಲ್ಲ. ಅಂಕಿ ಹೇಳದೇ ಹೋದರೆ ಯಾರೂ ನಂಬುತ್ತಿರಲಿಲ್ಲ. "ಬಹಳ ಚೆನ್ನಾಗಿ ಆಡೋರು" ಅಂದರೆ ಜನ ಹೂಂ ಅಂದು ಕಾಫಿ ಕುಡಿಯುತ್ತಾರೆ. "ನಲವತ್ತೆರಡು" ಅಂದರೆ ಲೋಟ ಕೆಳಗಿಡುತ್ತಾರೆ.

ದಾಖಲೆ ಇಲ್ಲದ ದೊಡ್ಡತನ ದೊಡ್ಡತನ ಹೌದೋ ಅಲ್ಲವೋ? ದಾಖಲೆ ಇರುವ ಕಡೆಯಾದರೂ ಈ ಪ್ರಶ್ನೆ ಬಗೆಹರಿದಿರಬೇಕು ಅಂದುಕೊಂಡಿದ್ದೆ. ಹಾಗೇನೂ ಇಲ್ಲ. ಅಮೆರಿಕವನ್ನೇ ನೋಡಿ. ಅಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ಅಂದರೆ ನಮ್ಮ ಐಪಿಎಲ್ ಇದ್ದ ಹಾಗೆ, ಪ್ರತಿ ಎಸೆತಕ್ಕೂ ಲೆಕ್ಕ. ಲೂಸಿಯಾನದ ಪೀಟ್ ಮರಾವಿಚ್ 1970ಕ್ಕೆ ಕಾಲೇಜು ಮುಗಿಸುವಾಗ 83 ಪಂದ್ಯಗಳಲ್ಲಿ 3,667 ಪಾಯಿಂಟ್ ಮಾಡಿದ್ದ. ಆಗ ಮೊದಲ ವರ್ಷದ ಹುಡುಗರನ್ನು ಮುಖ್ಯ ತಂಡಕ್ಕೆ ಸೇರಿಸುತ್ತಿರಲಿಲ್ಲ. ಹಾಗಾಗಿ ಅದು ಮೂರೇ ವರ್ಷದ ಲೆಕ್ಕ. ಮೂರು ಪಾಯಿಂಟಿನ ಗೆರೆಯೂ ಇಲ್ಲ. 2024ರ ಮಾರ್ಚಿನಲ್ಲಿ ಅಯೋವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್ ಎಂಬ ಹುಡುಗಿ ಆ ಮೊತ್ತ ದಾಟಿದಳು. ದೊಡ್ಡ ಸುದ್ದಿಯಾಯಿತು, ಆಗಬೇಕಾದದ್ದೇ.

ಆದರೆ ಅದಕ್ಕೆ ಸ್ವಲ್ಪ ದಿನ ಮುಂಚೆ ಹೆಂಗಸರ ದಾಖಲೆ ಮುರಿಯಿತು ಅಂತ ಇನ್ನೊಂದು ಸುದ್ದಿ ಬಂದಿತ್ತು. ಆ ಪಟ್ಟಿಯಲ್ಲಿ ಲಿನೆಟ್ ವುಡಾರ್ಡ್ ಹೆಸರೇ ಇರಲಿಲ್ಲ. ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ 1977ರಿಂದ 1981ರವರೆಗೆ ಆಡಿ 3,649 ಪಾಯಿಂಟ್ ಮಾಡಿದವಳು ಆಕೆ. ಕಾರಣ ಇಷ್ಟೆ: ಈಗ ದಾಖಲೆ ಇಡುವ ಎನ್‌ಸಿಎಎ ಸಂಸ್ಥೆ ಹೆಂಗಸರ ಚಾಂಪಿಯನ್‌ಶಿಪ್ ಶುರುಮಾಡಿದ್ದು 1981-82ರಲ್ಲಿ. ಅದಕ್ಕೂ ಮುಂಚೆ ಹೆಂಗಸರ ಆಟ ನೋಡಿಕೊಳ್ಳುತ್ತಿದ್ದದ್ದು ಬೇರೆ ಸಂಸ್ಥೆ. ಬೇರೆಯವರ ಪುಸ್ತಕದಲ್ಲಿ ಬರೆದ ಅಂಕ ಇವರ ಪುಸ್ತಕಕ್ಕೆ ಬರಲಿಲ್ಲ. ಇನ್ನು ಪರ್ಲ್ ಮೂರ್ ಅಂತ ಒಬ್ಬಳಿದ್ದಾಳೆ. 1975ರಿಂದ 79ರವರೆಗೆ ಆಡಿ, ಒಟ್ಟು 4,061 ಪಾಯಿಂಟ್ ಮಾಡಿದವಳು. ಕ್ಲಾರ್ಕ್ ಕೂಡ ಅಷ್ಟು ಮಾಡಲಿಲ್ಲ. ಮೂರ್ ಆಡಿದ್ದು ಸಣ್ಣ ಕಾಲೇಜಿಗೆ. ಆ ಕಾಲದ ಹೆಂಗಸರು ಆಡುತ್ತಿದ್ದದ್ದು ಗಂಡಸರ ಅಳತೆಯ ದೊಡ್ಡ ಚೆಂಡಿನಲ್ಲೇ. ಆಟದ ಹಾಲ್ ಆಫ್ ಫೇಮ್ ಅವಳನ್ನು ಸೇರಿಸಿಕೊಂಡಿದ್ದು 2021ರಲ್ಲಿ.

ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿಯವರೇ ಇದ್ದಾರಲ್ಲ. ಭಾರತದ ಮಹಿಳೆಯರು ಮೊದಲ ಟೆಸ್ಟ್ ಗೆದ್ದದ್ದು 1976ರಲ್ಲಿ, ಪಟ್ನಾದಲ್ಲಿ, ಅವರ ನಾಯಕತ್ವದಲ್ಲಿ. ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕವೂ ಅವರದ್ದೇ, 1977ರಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 108. ಮಹಿಳಾ ಕ್ರಿಕೆಟ್ಟು ಬಿಸಿಸಿಐ ತೆಕ್ಕೆಗೆ ಬಂದಿದ್ದು 2006ರಲ್ಲಿ. ಬಿಸಿಸಿಐ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟದ್ದು 2017ರಲ್ಲಿ, ಆ ಶತಕವಾಗಿ ನಲವತ್ತು ವರ್ಷದ ಮೇಲೆ. ಅದೇ 2017ರ ಜುಲೈನಲ್ಲಿ ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಮೇಲೆ 45 ಎಸೆತಕ್ಕೆ 70 ಹೊಡೆದರು. ಆ ಒಂದೊಂದು ಎಸೆತವೂ ದಾಖಲಾಗಿದೆ. ನಾಳೆ ಅವರ ಆಟದ ಬಗ್ಗೆ ಕೇಳುವವರು ನನ್ನಂಥವನ ಬಾಯಿ ನೋಡಬೇಕಾಗಿಲ್ಲ.

ಇದರಿಂದ ನನಗೆ ಅರ್ಥವಾದದ್ದು ಇಷ್ಟು. ದಾಖಲೆ ಪುಸ್ತಕ ಕನ್ನಡಿಯಲ್ಲ. ಯಾವ ಅಂಕ ಲೆಕ್ಕಕ್ಕೆ, ಯಾವುದು ಅಲ್ಲ ಅಂತ ಮೊದಲೇ ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ. ಹಾಗಾಗಿ ಪುಸ್ತಕದಲ್ಲಿ ಇಲ್ಲ ಅಂದ ಮಾತ್ರಕ್ಕೆ ಆಟ ಸಣ್ಣದಾಗುವುದಿಲ್ಲ. ವುಡಾರ್ಡ್ ಹೊಡೆದ ಚೆಂಡು ಯಾರು ಬರೆದುಕೊಳ್ಳದಿದ್ದರೂ ರಿಂಗಿನೊಳಗೇ ಬಿದ್ದಿತ್ತು.

ಇಲ್ಲಿಯವರೆಗೂ ನನ್ನ ಗೆಳೆಯನೊಬ್ಬ ಒಪ್ಪುತ್ತಾನೆ. ಅದಕ್ಕೂ ಮುಂದೆ ಹೋಗಿ, "ಹಾಗಿದ್ಮೇಲೆ ನಲವತ್ತೆರಡೇ ಇರಲಿ ಬಿಡಯ್ಯ. ಆ ಹೆಣ್ಣುಮಗಳಿಗೆ ಮದುವೆ ಆಯ್ತು, ಆಟ ನಿಂತೋಯ್ತು. ಕಾಲ ಅವರಿಗೆ ಮೋಸ ಮಾಡಿದೆ. ನೀನು ಹತ್ತು ಪಾಯಿಂಟ್ ಜಾಸ್ತಿ ಹೇಳಿದ್ರೆ ಯಾರ ಗಂಟು ಹೋಯ್ತು?" ಅಂದ.

ಯಾರ ಗಂಟು ಹೋಯಿತು ಅಂತ ಎರಡು ದಿನ ಯೋಚಿಸಿದೆ. ಮೂರು ಕಡೆ ಹೋಗಿದೆ ಅನ್ನಿಸಿತು.

ಒಂದು, ಜೊತೆಗೆ ಆಡಿದವರ ಗಂಟು. ಟೀಮಿನ ಒಟ್ಟು ಮೊತ್ತ ನಾನು ಏರಿಸಿದಂತೆಲ್ಲ ಏರುವುದಿಲ್ಲ. ಒಬ್ಬರಿಗೆ ಹತ್ತು ಸೇರಿಸಿದರೆ ಇನ್ಯಾರದ್ದೋ ಹತ್ತು ಕಿತ್ತುಕೊಂಡ ಹಾಗೇ. ಎರಡು, ಈಗಿನ ಮಕ್ಕಳ ಗಂಟು. "ನಮ್ಮ ಕಾಲದಲ್ಲಿ ಒಬ್ಬರಿದ್ದರು, ನೀವೆಲ್ಲ ಏನು ಮಹಾ" ಅಂತ ಕೋರ್ಟಿನ ಪಕ್ಕ ನಿಂತು ನಾನೇ ಎಷ್ಟು ಸಲ ಅಂದಿಲ್ಲ! ಸತ್ತವರನ್ನು ಹೊಗಳುವ ನೆಪದಲ್ಲಿ ಬದುಕಿದ್ದವರಿಗೆ ಹೊಡೆಯುವ ಕೋಲು ಅದು. ಮೂರನೆಯದು ಅವರದ್ದೇ ಗಂಟು. ನಲವತ್ತೆರಡು ಅಂತ ಹೇಳುತ್ತಾ ಹೇಳುತ್ತಾ ಅವರು ಹೇಗೆ ಗಕ್ಕನೆ ನಿಲ್ಲುತ್ತಿದ್ದರು ಅನ್ನುವುದನ್ನು ಹೇಳುವುದೇ ಬಿಟ್ಟುಬಿಟ್ಟಿದ್ದೆ. ಅಂಕಿ ದೊಡ್ಡದಾದಷ್ಟೂ ಆಟಗಾರ್ತಿ ಕರಗಿಹೋಗಿದ್ದರು. ಮರೆಯುವುದು ಒಂದು ತಪ್ಪಾದರೆ, ಇದು ನೆನಪಿನ ವೇಷ ಹಾಕಿಕೊಂಡ ಮರೆವು.

ಹಾಗಂತ ಹೊಗಳಲೇಬಾರದೇ? ನಮ್ಮೂರ ಕಡೆ ದೇವಸ್ಥಾನದ ಹತ್ತಿರವೋ, ಕೆರೆ ಏರಿಯ ಮೇಲೋ ನಿಂತಿರುವ ವೀರಗಲ್ಲುಗಳನ್ನು ನೀವು ನೋಡಿರುತ್ತೀರಿ. ಎಷ್ಟೋ ಕಲ್ಲುಗಳಲ್ಲಿ ಒಂದಕ್ಷರವೂ ಇರುವುದಿಲ್ಲ. ಕೆಳಗಿನ ಸಾಲಿನಲ್ಲಿ ಒಬ್ಬ ಹೋರಾಡುತ್ತಿರುತ್ತಾನೆ, ಕೆಲವದರಲ್ಲಿ ಪಕ್ಕದಲ್ಲಿ ದನಗಳು. ಅದರ ಮೇಲಿನ ಸಾಲಿನಲ್ಲಿ ಅಪ್ಸರೆಯರು ಅವನನ್ನು ಕರೆದುಕೊಂಡು ಹೋಗುತ್ತಾರೆ. ಇನ್ನೂ ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ಅಪ್ಸರೆಯರನ್ನು ಯಾರೂ ಕಂಡಿಲ್ಲ. ಆದರೆ ಕಲ್ಲು ಕೆತ್ತಿಸಿದವರು ನಮಗೆ ಸುಳ್ಳು ಹೇಳಿದರು ಅಂತ ಅನ್ನಿಸುವುದಿಲ್ಲ. ಯಾಕೆಂದರೆ ನಡುವೆ ಒಂದು ಗೆರೆ ಇದೆ. ಕೆಳಗಿರುವುದು ನಡೆದದ್ದು, ಮೇಲಿರುವುದು ಊರಿನವರ ಪ್ರೀತಿ. ನಾನು ಮಾಡಿದ ತಪ್ಪು ಪ್ರೀತಿಸಿದ್ದಲ್ಲ. ಪ್ರೀತಿಯನ್ನು ತಂದು ಕೆಳಗಿನ ಸಾಲಿನಲ್ಲಿ ಬರೆದದ್ದು.

ಮೂರನೇ ದಿನ ಫೋನ್ ಮಾಡಿದೆ. "ನಲವತ್ತೆರಡು ಅಲ್ಲಮ್ಮ. ಅದು ನಾನೇ ಏರಿಸಿದ್ದು. ನಿಜವಾಗಿ ಎಷ್ಟು ಅಂತ ನನಗೆ ನೆನಪಿಲ್ಲ. ತಪ್ಪು ತಿಳ್ಕೋಬೇಡ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ಹಾಗಾದ್ರೆ ನಿಮಗೆ ಏನು ನೆನಪಿದೆ ಅಂಕಲ್?" ಅಂತ ಕೇಳಿದಳು.

ನಲವತ್ತು ವರ್ಷದಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಹೇಳಿದೆ. ಲೇಟಾದ ರೈಲು, ಗಕ್ಕನೆ ನಿಲ್ಲುವುದು, ಎರಡೂ ಕೈ. ಆಮೇಲೆ, ಇಷ್ಟು ವರ್ಷ ಯಾರಿಗೂ ಹೇಳದ ಇನ್ನೊಂದು ವಿಷಯ.

ಫೈನಲ್‌ನ ದ್ವಿತೀಯಾರ್ಧ. ರಿಂಗಿನ ಕೆಳಗೆ ನೂಕುನುಗ್ಗಲು. ಏಳನೇ ನಂಬರ್ ಹೊಡೆದ ಚೆಂಡು ರಿಂಗಿಗೆ ಬಡಿದು ಪುಟಿಯಿತು, ಯಾರದೋ ಕೈ ತಾಗಿ ಒಳಗೆ ಬಿತ್ತು. ನಾನು ಹಿಂದೆಮುಂದೆ ನೋಡದೆ ಏಳು ಅಂತ ಬರೆದೆ. ಟೈಮ್‌ಔಟ್ ಆದಾಗ ಉಳಿದವರು ನೀರು ಕುಡಿಯುತ್ತಿದ್ದರೆ, ಅವರು ಬೆವರು ಒರೆಸಿಕೊಳ್ಳುತ್ತಾ ನನ್ನ ಟೇಬಲ್ಲಿಗೆ ಬಂದು ಹಾಳೆಯ ಮೇಲೆ ಬಗ್ಗಿದರು. "ಏಯ್, ಇಲ್ನೋಡು. ಅದು ನಂದಲ್ಲ. ನಾಲ್ಕನೇ ನಂಬರಿಂದು. ತಿದ್ದು" ಅಂದರು. ನಾಲ್ಕನೇ ನಂಬರಿನ ತರೀಕೆರೆ ಹುಡುಗಿ ಅವತ್ತು ಗಳಿಸಿದ್ದು ಆ ಎರಡೇ ಪಾಯಿಂಟ್ ಇರಬೇಕು. ನಾನು ಏಳನ್ನು ಹೊಡೆದು ಹಾಕಿ ನಾಲ್ಕು ಅಂತ ಬರೆಯುವವರೆಗೆ ಅವರು ಅಲ್ಲಿಂದ ಕದಲಲಿಲ್ಲ.

ತನ್ನ ಲೆಕ್ಕದಿಂದ ಎರಡು ಕಳೆಯಲು ಟೇಬಲ್ಲಿನ ತನಕ ನಡೆದುಬಂದವರಿಗೆ ನಾನು ನಲವತ್ತು ವರ್ಷದಿಂದ ಕೂಡಿಸುತ್ತಾ ಬಂದಿದ್ದೆ.

ಮಗಳು ಹೂಂಗುಟ್ಟಲೂ ಇಲ್ಲ, ಅಳುತ್ತಿದ್ದಳೋ ಏನೋ. ಮೊನ್ನೆ ವರ್ಷದ ಕಾರ್ಯಕ್ಕೆ ಹೋಗಿದ್ದೆ. ಫೋಟೊ ಗೋಡೆಯಲ್ಲಿತ್ತು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಕೈಯಲ್ಲಿ ಗಂಡಸರ ಅಳತೆಯ ದೊಡ್ಡ ಚೆಂಡು. ಕೆಳಗೆ ಹೆಸರು, ಹುಟ್ಟಿದ ವರ್ಷ, ಹೋದ ವರ್ಷ. ಅದರ ಕೆಳಗೆ ಒಂದೇ ಸಾಲು: ಬಾಸ್ಕೆಟ್‌ಬಾಲ್ ಆಟಗಾರ್ತಿ, ಏಳನೇ ನಂಬರ್.

ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಕೇಳಿದರು, "ನೀವೇ ಅಲ್ವಾ ಸ್ಕೋರ್ ಬರೆದಿದ್ದು? ನಲವತ್ತೆರಡಂತಲ್ಲ?"

"ಅಲ್ಲ" ಅಂದೆ. "ಎಷ್ಟು ಅಂತ ಗೊತ್ತಿಲ್ಲ. ಆದ್ರೆ ಹೇಗೆ ಆಡ್ತಿದ್ರು ಅಂತ ಹೇಳ್ತೀನಿ, ಕೇಳಿ."