ಸಾಲ ಯಾರ ಲೆಕ್ಕಕ್ಕೆ?



ಕಳೆದ ಡಿಸೆಂಬರಿನಲ್ಲಿ ನಮ್ಮ ಯುವಬಳಗ ಧ್ಯಾನಕೂಟಕ್ಕೆಂದು ಕೊಡೈಕಾನಲ್ಲಿಗೆ ಹೋಗಿತ್ತು. ನಾವು ತಂಗಿದ್ದ ಕಡೆ ಬೆಳಗಿನ ಜಾವ ಬಿಸಿನೀರು ತಂದುಕೊಡುತ್ತಿದ್ದ ಹುಡುಗನಿಗೆ ಹದಿನೇಳು ಇರಬಹುದು. ನಮ್ಮ ಮಾತು ಕೇಳಿ ಮುಖ ಅರಳಿಸಿ ಕನ್ನಡದಲ್ಲೇ ಮಾತನಾಡಿದ. ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಕನ್ನಡ ಮನೆಮಾತಿನ ಕುಟುಂಬಗಳಿವೆ; ಅವನೂ ಆ ಕಡೆಯವನೇ. "ಹಬ್ಬಕ್ಕೆ ಊರಿಗೆ ಹೋಗಲ್ವಾ ತಮ್ಮಾ?" ಎಂದೆವು. "ಅಪ್ಪ ಅಡ್ವಾನ್ಸ್ ತಗೊಂಡವ್ರೆ ಅಣ್ಣಾ, ಅದು ತೀರೋವರೆಗೂ ಬಿಡಲ್ಲ" ಎಂದ. ಅವನ ಕೈಗೆ ನೂರು ರೂಪಾಯಿ ಇಟ್ಟು ನಾವು ಜಪಸರ ಪ್ರಾರ್ಥನೆಗೆ ಹೋದೆವು.

ಫೆಬ್ರವರಿ 8 ಸಂತ ಜೋಸೆಫೀನ್ ಬಕಿತಾರ ಹಬ್ಬ. ಸೂಡಾನಿನಲ್ಲಿ ಬಾಲ್ಯದಲ್ಲೇ ಅಪಹರಣಕ್ಕೊಳಗಾಗಿ ಮತ್ತೆ ಮತ್ತೆ ಮಾರಾಟವಾದವರು ಅವರು. ಆ ದಿನದ ಸಿದ್ಧತೆಗೆಂದು ಸಂತ ಪೌಲರು ಫಿಲೆಮೋನನಿಗೆ ಬರೆದ ಪತ್ರವನ್ನು ಓದಿದೆವು. ಫಿಲೆಮೋನ ವಿಶ್ವಾಸಿ. ಧರ್ಮಸಭೆ ಕೂಡುತ್ತಿದ್ದದ್ದು ಅವನ ಮನೆಯಲ್ಲೇ. ಅದೇ ಮನೆಯ ಗುಲಾಮ ಒನೇಸಿಮ. ಓದುತ್ತಿದ್ದಂತೆ ಆ ಹುಡುಗ ನೆನಪಾದ.

ಗುಲಾಮಗಿರಿ ಎಂದರೆ ಅಮೆರಿಕದ ದಕ್ಷಿಣದ ಹತ್ತಿ ಹೊಲಗಳು ಎಂದೇ ನಾವು ಶಾಲೆಯಲ್ಲಿ ಕಲಿತೆವು. ಉತ್ತರದ ರಾಜ್ಯಗಳು ಅದರ ವಿರುದ್ಧ ನಿಂತವು ಎಂಬುದು ನಿಜ, ಆದರೆ ಅರ್ಧ ನಿಜ. 1845ರಲ್ಲಿ ಕೊಡೈಕಾನಲ್ಲಿನಲ್ಲಿ ಮೊದಲ ಬಂಗಲೆಗಳನ್ನು ಕಟ್ಟಿಸಿದ ಅಮೆರಿಕನ್ ಮಿಷನರಿಗಳನ್ನು ಕಳುಹಿಸಿದ ಸಂಸ್ಥೆ ಉತ್ತರದ ಮ್ಯಾಸಚೂಸೆಟ್ಸ್ ರಾಜ್ಯದ ಬೋಸ್ಟನ್ನಿನದು. ಆ ನಾಡಿನ ಕಾನೂನು 1641ರಲ್ಲೇ ಗುಲಾಮಗಿರಿಗೆ ಎಡೆಮಾಡಿಕೊಟ್ಟಿತ್ತು. ಭಕ್ತರ ಮನೆಗಳಲ್ಲಿ, ಬೋಧಕರ ಮನೆಗಳಲ್ಲಿಯೂ ಗುಲಾಮರು ದುಡಿದರು. ಅಲ್ಲಿನ ಹೊಸ ಸಂವಿಧಾನ ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂದಾಗ, 1781ರಲ್ಲಿ ಎಲಿಜಬೆತ್ ಫ್ರೀಮನ್ ಎಂಬ ಗುಲಾಮ ಮಹಿಳೆ ಅದನ್ನೇ ಆಧಾರವಾಗಿಸಿ ನ್ಯಾಯಾಲಯಕ್ಕೆ ಹೋಗಿ ಗೆದ್ದರು. 1790ರ ಜನಗಣತಿಯಲ್ಲಿ ಆ ರಾಜ್ಯದ ಗುಲಾಮರ ಲೆಕ್ಕ ಸೊನ್ನೆ. ಸೊನ್ನೆ ಬರೆದ ಮೇಲೆ, ಹಿಂದಿನ ಒಂದೂವರೆ ಶತಮಾನವೂ ನೆನಪಿನಿಂದ ಜಾರಿತು.

ನಾವು ಅವರಿಗಿಂತ ಬೇರೆಯೇ? ಒಬ್ಬ ಮನುಷ್ಯನನ್ನು ಇನ್ನೊಬ್ಬನ ಆಸ್ತಿಯೆಂದು ನ್ಯಾಯಾಲಯ ಒಪ್ಪಬಾರದು ಎಂಬ ಕಾಯಿದೆ ನಮ್ಮ ದೇಶದಲ್ಲಿ 1843ರಲ್ಲಿ ಬಂತು. ಆದರೆ ಜೀತ ಉಳಿಯಿತು. ಕೊಡಗಿನ ಗಡಿಯಾಚೆ ವಯನಾಡಿನ ವಳ್ಳಿಯೂರುಕಾವು ಜಾತ್ರೆಯಲ್ಲಿ ಅಡಿಯ, ಪಣಿಯ ಜನರನ್ನು ಒಡೆಯರು ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುತ್ತಿದ್ದದ್ದು ನಮ್ಮ ಅಜ್ಜ ಅಜ್ಜಿಯರ ಕಾಲದ ಮಾತು. ಜೀತ ಪದ್ಧತಿಯನ್ನು ರದ್ದುಗೊಳಿಸಿದ ಕಾಯಿದೆ ಬಂದದ್ದು 1976ರಲ್ಲಿ.

ಆ ಕಾಯಿದೆಯಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ ಒಂದು ಅಂಶವಿದೆ. ಅದು ಜೀತದಾಳನ್ನು ಬಿಡುಗಡೆ ಮಾಡುವುದಷ್ಟೇ ಅಲ್ಲ, ಅವನನ್ನು ಕಟ್ಟಿಹಾಕಿದ ಸಾಲವನ್ನೇ ರದ್ದುಮಾಡುತ್ತದೆ. ಜೀತಕ್ಕೆ ಇಟ್ಟುಕೊಂಡವರಿಗೆ 3 ವರ್ಷದವರೆಗೆ ಸೆರೆಮನೆ. ಪೌಲರ ಪತ್ರಕ್ಕೆ ಮರಳಿ ಬನ್ನಿ. ಒನೇಸಿಮನನ್ನು ಸಹೋದರನಂತೆ ಬರಮಾಡಿಕೋ ಎಂದು ಹೇಳಿ ಅವರು ಸುಮ್ಮನಾಗುವುದಿಲ್ಲ. ಅವನು ಏನಾದರೂ ಕೊಡಬೇಕಿದ್ದರೆ ಅದನ್ನು ತಮ್ಮ ಲೆಕ್ಕಕ್ಕೆ ಹಾಕುವಂತೆ ಬರೆದು, ತಮ್ಮ ಕೈಯಾರೆ ಮಾತು ಕೊಡುತ್ತಾರೆ. ಪ್ರೀತಿಯ ಮಾತು ಸುಲಭ. ಸಾಲವನ್ನು ಹೊರುವವರು ಯಾರು? ಶಿಲುಬೆಯ ಮೇಲೆ ನಮ್ಮ ಸಾಲವನ್ನು ಹೊತ್ತವರು ಯೇಸುಸ್ವಾಮಿ.

ನೂರು ರೂಪಾಯಿಯಿಂದ ನಾವು ತೀರಿಸಿಕೊಂಡದ್ದು ನಮ್ಮ ಸಂಕೋಚವನ್ನು, ಅವನ ಸಾಲವನ್ನಲ್ಲ. ಅವನ ಹೆಸರನ್ನೂ ನಾವು ಕೇಳಲಿಲ್ಲ. ಇದನ್ನು ದೇವರ ಮುಂದೆಯೂ ನಿಮ್ಮ ಮುಂದೆಯೂ ಒಪ್ಪಿಕೊಳ್ಳುತ್ತೇವೆ.

ಈ ತಪಸ್ಸುಕಾಲದಲ್ಲಿ ನಮ್ಮ ಬಳಗ ಒಂದು ನಿರ್ಧಾರ ಮಾಡಿದೆ. ನಮ್ಮ ಧರ್ಮಕೇಂದ್ರದ ಆಸುಪಾಸಿನ ಇಟ್ಟಿಗೆ ಗೂಡು, ಹೋಟೆಲು, ಕಟ್ಟಡ ಕೆಲಸ, ಮನೆಗೆಲಸ, ಎಲ್ಲಿಯೇ ಆಗಲಿ ದುಡಿಯುವವರ ಹೆಸರು ಕೇಳುತ್ತೇವೆ. ಬಿಡುವಿನ ದಿನ ಇದೆಯೇ, ಬೇಡವೆನಿಸಿದರೆ ಕೆಲಸ ಬಿಟ್ಟು ಹೋಗಬಹುದೇ ಎಂದೂ ಕೇಳುತ್ತೇವೆ. ಇಲ್ಲ ಎಂಬ ಉತ್ತರ ಬಂದರೆ ಗುರುಗಳಿಗೆ ತಿಳಿಸಿ, ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಬರೆಯಲು ಜೊತೆ ನಿಲ್ಲುತ್ತೇವೆ. ಕೊಡೈಕಾನಲ್ಲಿಗೂ ಮತ್ತೊಮ್ಮೆ ಹೋಗುತ್ತೇವೆ, ಈ ಬಾರಿ ಧ್ಯಾನಕೂಟಕ್ಕಲ್ಲ, ಆ ತಮ್ಮನನ್ನು ಹುಡುಕಲು.

ಬಲಿಪೂಜೆಯಲ್ಲಿ ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವ ನಮ್ಮ ಮನೆಗಳಲ್ಲಿ ಒನೇಸಿಮ ಇದ್ದಾನೆಯೇ ಎಂದು ನೀವೂ ನೋಡಿರಿ. ನೋಡುವ ಕಣ್ಣನ್ನೂ ಕೇಳುವ ಧೈರ್ಯವನ್ನೂ ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.