ಮನೆ ಭೋಗ್ಯಕ್ಕಿದೆ



ಕೊಳ್ಳೇಗಾಲದ ಬೀದಿಗಳಲ್ಲಿ ಎರಡು ಬಗೆಯ ಫಲಕಗಳು ಕಣ್ಣಿಗೆ ಬೀಳುತ್ತವೆ. ಒಂದು, ‘ಮನೆ ಬಾಡಿಗೆಗಿದೆ’. ಇನ್ನೊಂದು, ‘ಮನೆ ಭೋಗ್ಯಕ್ಕಿದೆ’. ವ್ಯತ್ಯಾಸ ಒಂದೇ ಪದದ್ದು. ಆದರೆ ಶರೀಅತ್‌ನ ದೃಷ್ಟಿಯಲ್ಲಿ ಮೊದಲನೆಯದು ವ್ಯವಹಾರ, ಎರಡನೆಯದು ಸಾಲ.

ಕಳೆದ ವರ್ಷ ಜುಮಾ ನಮಾಝಿನ ಬಳಿಕ ಹಿರಿಯರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ರೇಷ್ಮೆ ರೀಲಿಂಗ್‌ನಲ್ಲಿ ಬಿಸಿನೀರಿಗೆ ಕೈಯೊಡ್ಡಿ ದುಡಿದು ಎರಡು ಮನೆ ಕಟ್ಟಿಸಿದವರು. “ಹಜ್ರತ್, ಒಂದು ಮನೆಯನ್ನು ಮೂರು ವರ್ಷಕ್ಕೆ ಮೂರು ಲಕ್ಷ ರೂಪಾಯಿ ಭೋಗ್ಯಕ್ಕೆ ಕೊಟ್ಟಿದ್ದೇನೆ. ಬಾಡಿಗೆ ಇಲ್ಲ. ಬಿಡುವಾಗ ಪೂರ್ತಿ ಹಣ ವಾಪಸು. ನಾನೂ ಬಡ್ಡಿ ಪಡೆದಿಲ್ಲ, ಅವರೂ ಪಡೆದಿಲ್ಲ. ಇದರಲ್ಲಿ ತಪ್ಪೇನು?”

“ಚಾಚಾ, ಆ ಮನೆಗೆ ಬಾಡಿಗೆ ಎಷ್ಟು ಬರಬಹುದಿತ್ತು?” ಎಂದೆ.

“ಐದು ಸಾವಿರಕ್ಕೆ ಮೋಸವಿಲ್ಲ.”

ಲೆಕ್ಕ ಹಾಕಿ ನೋಡಿ. ಪೂರ್ತಿ ಹಿಂದಿರುಗಿಸಬೇಕಾದ ಹಣ ಬೆಲೆಯೂ ಅಲ್ಲ, ಬಾಡಿಗೆಯೂ ಅಲ್ಲ. ಅದು ಸಾಲ. ಸಾಲ ಕೊಟ್ಟವನಿಗೆ ಮೂರು ವರ್ಷದಲ್ಲಿ ದೊರೆತ ವಾಸದ ಬೆಲೆ 1,80,000 ರೂಪಾಯಿ. ನೋಟಿನ ರೂಪದಲ್ಲಿ ಬರಲಿಲ್ಲವೆಂಬ ಮಾತ್ರಕ್ಕೆ ಅದು ಬಡ್ಡಿ ಆಗದೇ ಇರುವುದೇ? ಸಾಲದ ಮೇಲೆ ಷರತ್ತಾಗಿ ಪಡೆಯುವ ಯಾವ ಲಾಭವೂ ಬಡ್ಡಿಯೇ ಎಂದು ಧರ್ಮಶಾಸ್ತ್ರಜ್ಞರು ತೀರ್ಮಾನಿಸಿದ್ದಾರೆ. ಬಡ್ಡಿ ತಿನ್ನುವವನನ್ನು ಮಾತ್ರವಲ್ಲ, ಕೊಡುವವನನ್ನೂ ಪತ್ರ ಬರೆಯುವವನನ್ನೂ ಸಾಕ್ಷಿಗಳನ್ನೂ ಪ್ರವಾದಿ(ಸ)ರು ಶಪಿಸಿರುವುದು ಸಹೀಹ್ ಮುಸ್ಲಿಮ್‌ನಲ್ಲಿದೆ. ಭೋಗ್ಯದ ಪತ್ರಕ್ಕೆ ಸಲೀಸಾಗಿ ಸಾಕ್ಷಿ ಹಾಕುವ ನಮ್ಮ ನೆರೆಹೊರೆಯವರು ಇದನ್ನೊಮ್ಮೆ ಯೋಚಿಸಬೇಕು.

ಕೆಲವರು ಜಾಣರು. ತಿಂಗಳಿಗೆ ಇನ್ನೂರು ರೂಪಾಯಿ ಬಾಡಿಗೆಯೆಂದು ಪತ್ರದಲ್ಲಿ ಸೇರಿಸಿ, ಈಗ ಹಲಾಲ್ ಆಯಿತು ಎನ್ನುತ್ತಾರೆ. ಮೂರು ಲಕ್ಷ ಕೊಟ್ಟ ಕಾರಣಕ್ಕಾಗಿಯೇ ಐದು ಸಾವಿರ ಇನ್ನೂರಕ್ಕೆ ಇಳಿದಿದ್ದರೆ, ಆ ಇಳಿತವೇ ಸಾಲದ ಲಾಭ. ಅಲ್ಲಾಹನ ಮುಂದೆ ಛಾಪಾ ಕಾಗದದ ಜಾಣತನ ನಡೆಯುವುದಿಲ್ಲ.

ಹನೂರಿನ ಕಡೆಯ ಹೊಲಕ್ಕೂ ಯಳಂದೂರಿನ ಕಡೆಯ ಗದ್ದೆಗೂ ಇದೇ ಮಾತು. ಸಾಲ ತೀರುವವರೆಗೆ ರೈತನ ಭೂಮಿಯನ್ನು ಭೋಗ್ಯಕ್ಕೆ ಹಿಡಿದು ಬೆಳೆ ಉಣ್ಣುವುದು, ಮತ್ತೆ ಅಸಲನ್ನೂ ಪೂರ್ತಿ ಕೇಳುವುದು.

ಭೋಗ್ಯದ ನಿಜವಾದ ಕಷ್ಟ ಮನೆ ಬಿಡುವ ದಿನ ಗೊತ್ತಾಗುತ್ತದೆ. ಮಾಲೀಕ ಆ ಹಣದಿಂದ ಮೇಲಂತಸ್ತು ಕಟ್ಟಿರುತ್ತಾನೆ, ಇಲ್ಲವೇ ಮಗಳ ಮದುವೆ ಮಾಡಿರುತ್ತಾನೆ. “ಇನ್ನೊಬ್ಬರು ಭೋಗ್ಯಕ್ಕೆ ಬರಲಿ, ಅವರು ಕೊಟ್ಟದ್ದನ್ನು ನಿಮಗೆ ಕೊಡುತ್ತೇನೆ” ಎನ್ನುತ್ತಾನೆ. ಹೆಂಡತಿಯ ಒಡವೆ ಮಾರಿ ಹಣ ಹೊಂದಿಸಿದವನು ತಿಂಗಳುಗಟ್ಟಲೆ ಅಲೆಯುತ್ತಾನೆ. ಬಾಡಿಗೆ ಮನೆಯ ಅಡ್ವಾನ್ಸಿನ ಕತೆಯೂ ಇದೇ. ಸುಣ್ಣಬಣ್ಣದ ನೆಪದಲ್ಲಿ ಅರ್ಧ ಹಣ ಮುರಿದುಕೊಳ್ಳುವವರಿದ್ದಾರೆ. ಹಿಜ್ರತ್‌ನ ರಾತ್ರಿಯನ್ನು ನೆನೆಯಿರಿ. ಹೊರಗೆ ಕೊಲ್ಲಲು ಕಾದವರಿದ್ದರು. ಅಂಥ ಹೊತ್ತಿನಲ್ಲೂ ಮಕ್ಕಾದ ಜನರು ಒಪ್ಪಿಸಿದ್ದ ವಸ್ತುಗಳನ್ನು ಅವರವರಿಗೆ ತಲುಪಿಸಲೆಂದು ಪ್ರವಾದಿ(ಸ)ರು ಅಲೀ(ರ)ರನ್ನು ಹಿಂದೆ ಬಿಟ್ಟು ಹೊರಟರು. ನಮ್ಮನ್ನು ನಂಬಿ ಹಣ ಕೊಟ್ಟ ಬಾಡಿಗೆದಾರ ನಮ್ಮ ಶತ್ರುವೂ ಅಲ್ಲ.

ಬಾಡಿಗೆ ಬಾಕಿ ಉಳಿಸಿಕೊಂಡವನು ನಿಜಕ್ಕೂ ಇಕ್ಕಟ್ಟಿನಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂಬುದು ಪವಿತ್ರ ಕುರ್‌ಆನಿನ ಆದೇಶ (ಅಲ್ ಬಕರಃ: 280). 2020ರ ಲಾಕ್‌ಡೌನ್‌ನಲ್ಲಿ ದುಡಿಮೆ ನಿಂತಾಗ ಬಾಡಿಗೆ ಮಾಫಿ ಮಾಡಿದ ಮಾಲೀಕರೂ ಇದ್ದರು, ಸಾಮಾನು ಹೊರಗಿಟ್ಟವರೂ ಇದ್ದರು. ಇನ್ನೊಂದು ಮಾತು, ಕಹಿಯಾದರೂ ಹೇಳುತ್ತೇನೆ. ಮೈಸೂರು, ಬೆಂಗಳೂರಿನಲ್ಲಿ ಹೆಸರು ಕೇಳಿ ಮನೆಯಿಲ್ಲ ಎಂದಾಗ ನಾವು ನೋಯುತ್ತೇವೆ. ನಮ್ಮ ಮನೆ ಕೇಳಿ ಬಂದ ದಲಿತ ಸಹೋದರನಿಗೆ ನಾವೇನು ಉತ್ತರ ಕೊಡುತ್ತೇವೆ?

ಝಕಾತ್ ಬಗ್ಗೆ ಕೇಳುವವರಿದ್ದಾರೆ. ಬಾಡಿಗೆಗೆ ಕೊಟ್ಟ ಕಟ್ಟಡದ ಬೆಲೆಗೆ ಝಕಾತ್ ಇಲ್ಲ. ಬಾಡಿಗೆಯಲ್ಲಿ ಉಳಿದದ್ದನ್ನು ಇತರ ಉಳಿತಾಯದೊಂದಿಗೆ ಸೇರಿಸಿ, ಅದು ನಿಸಾಬ್ ಮುಟ್ಟಿ ವರ್ಷ ತುಂಬಿದರೆ ನೂರಕ್ಕೆ ಎರಡೂವರೆ. ಹನಫೀ ಲೆಕ್ಕದಲ್ಲಿ ನಿಸಾಬ್ ಎಂದರೆ ಸುಮಾರು 612 ಗ್ರಾಂ ಬೆಳ್ಳಿಯ ಬೆಲೆ.

ಈಗಾಗಲೇ ಭೋಗ್ಯಕ್ಕೆ ಕೊಟ್ಟವರು ಏನು ಮಾಡಬೇಕು? ಹಣ ಹಿಂದಿರುಗಿಸಲು ಶಕ್ತಿಯಿದ್ದರೆ ಹಿಂದಿರುಗಿಸಲಿ. ಇಲ್ಲದಿದ್ದರೆ ಆ ಹಣವನ್ನೇ ಮುಂಗಡ ಬಾಡಿಗೆಯಾಗಿ ಮಾರ್ಪಡಿಸಲಿ. ಊರಿನಲ್ಲಿ ನಡೆಯುವ ಬಾಡಿಗೆ ಗೊತ್ತುಪಡಿಸಿ ತಿಂಗಳು ತಿಂಗಳು ಅದರಿಂದಲೇ ಕಳೆಯುತ್ತಾ ಹೋದರೆ, ನಡುವೆ ಮನೆ ಬಿಟ್ಟರೂ ಉಳಿದಷ್ಟನ್ನೇ ಕೊಟ್ಟರಾಯಿತು. ಮಾಲೀಕನ ಹೊರೆ ತಿಂಗಳಿಂದ ತಿಂಗಳಿಗೆ ಇಳಿಯುತ್ತದೆ. ಮುಂಗಡ ಬಾಡಿಗೆಗೆ ಶರೀಅತ್‌ನಲ್ಲಿ ಅಡ್ಡಿಯಿಲ್ಲ.

ಚಾಚಾರಿಗೂ ಇದನ್ನೇ ಹೇಳಿದೆ. ಅವರು ಒಂದು ವಾರ ಯೋಚಿಸಿ ಬಾಡಿಗೆದಾರನನ್ನು ಕರೆಸಿದರು. ಆತ ಬಂದು ಹದಿನಾಲ್ಕು ತಿಂಗಳಾಗಿತ್ತು. “ಕಳೆದ ತಿಂಗಳುಗಳ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ” ಎಂದು ಆತನೇ ಹೇಳಿದನಂತೆ. ಎಪ್ಪತ್ತು ಸಾವಿರ ಕಳೆದು 2,30,000 ಉಳಿಯಿತು, ಅಂದರೆ 46 ತಿಂಗಳು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು. ಹಳೆಯ ಪತ್ರವನ್ನು ಹರಿದು, ಇಬ್ಬರೂ ಹೊಸ ಪತ್ರದೊಂದಿಗೆ ನೋಂದಣಿ ಕಚೇರಿಗೆ ಹೋದರು. ಸಾಕ್ಷಿಯಾಗಿ ನಾನೂ ಹೋಗಿದ್ದೆ.